ಶಾಯಿಯಲ್ಲಿ ಬರೆದ ಊರು

ಮಾರ್ಚ್ ೪

ಪ್ರಿಯ ಮಗ್ಗಿ,

ಮೂವತ್ತೊಂದು ವರ್ಷ ಸುಮ್ಮನಿದ್ದವನು ಸರಕಾರಿ ಲಕೋಟೆಯೊಳಗಿಂದ ತಲೆ ಹಾಕಿದೆಯಲ್ಲ, ಮೊದಲು ಹೆದರಿದೆ. ನಮ್ಮ ಬೀದಿಗೆ ಮೊಹರಿನ ಲಕೋಟೆ ಬಂದು ಒಳ್ಳೆಯದಾದದ್ದು ನನಗೆ ನೆನಪಿಲ್ಲ. ಒಡೆದು ನೋಡಿದರೆ ಮೇಲೆ ‘ಮಾನ್ಯರೇ’ ಎಂದು ಟೈಪು ಮಾಡಿಸಿ, ಕೆಳಗೆ ಮೂಲೆಯಲ್ಲಿ ನಿನ್ನ ಕೋಳಿಕಾಲಿನ ಅಕ್ಷರದಲ್ಲಿ, ‘ಕೊಂಬು, ಈ ಕೆಲಸ ನೀನೇ ಮಾಡಬೇಕು ಕಣೋ’ ಎಂದು ಬರೆದಿದ್ದೀಯ. ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ. ಮೇಷ್ಟ್ರು ಹಲಗೆಯ ಮೇಲೆ ಬಿಟ್ಟುಬಿಟ್ಟ ಕೊಂಬನ್ನು ಎದ್ದು ನಿಂತು ತೋರಿಸಿ ಏಟು ತಿಂದ ದಿನದಿಂದ ನಾನು ಕೊಂಬು. ಹತ್ತೊಂಬತ್ತರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಒಪ್ಪಿಸಿದ ದಿನದಿಂದ ನೀನು ಮಗ್ಗಿ. ಈಗ ನೀನು ರಾಜಧಾನಿಯ ಗಣತಿ ಕಚೇರಿಯಲ್ಲಿ ಮೇಲಧಿಕಾರಿ. ನಾನು ಈ ಊರಿನ ಒಂದೇ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ, ನಿವೃತ್ತನಾಗಿ, ಬಂದರಿನ ವಾಚನಾಲಯದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿರುವವನು.

ನಮೂನೆ ನೋಡಿದೆ. ಹನ್ನೊಂದು ಕಲಂ. ಹತ್ತರವರೆಗೆ ತಕರಾರಿಲ್ಲ: ಹೆಸರು, ವಯಸ್ಸು, ಕಸುಬು, ಮನೆಗೆ ಹಂಚೋ ತಗಡೋ. ಹನ್ನೊಂದನೆಯದು: ‘ಮೂಲ. ಜನಾಂಗ, ಬಂದ ಸ್ಥಳ, ಬಂದ ಕಾಲ.’ ಇದನ್ನು ಯಾವ ಪುಣ್ಯಾತ್ಮ ಸೇರಿಸಿದ? ನಾವು ಮೂರನೇ ತರಗತಿಯಲ್ಲಿದ್ದಾಗ ನಡೆದ ಗಣತಿಯಲ್ಲಿ ಇದಿರಲಿಲ್ಲ. ಅದಾದ ಮೇಲಿನದರಲ್ಲಿ ಬಾವಿ ಎಷ್ಟು ಆಳ ಎಂದು ಕೇಳಿದ್ದರು. ಯಾರು ಎಲ್ಲಿಂದ ಬಂದಿರಿ ಎಂದು ಕೇಳಿರಲಿಲ್ಲ. ಮರೆವಿನ ಕಾಲದಲ್ಲಿ ನೆನಪಿಟ್ಟುಕೊಂಡವನಿಗೆ ಹೊಟ್ಟೆ ಉರಿಯುವುದೇ ಕೆಲಸ. ಪತ್ರಿಕೆಗೆ ಒಂದು ಖಾರದ ಪತ್ರ ಬರೆಯಲು ಕುಳಿತಿದ್ದೆ.

ಆಮೇಲೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಈ ಊರನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ದೀಪಸ್ತಂಭ ಕಟ್ಟಲು ಇಟ್ಟಿಗೆ ಕೆಲಸದವರನ್ನು ಹಡಗಿನಲ್ಲಿ ತುಂಬಿಕೊಂಡು ಬಂದರಲ್ಲ, ನನ್ನ ಮುತ್ತಜ್ಜ ಅವರಲ್ಲೊಬ್ಬ. ಉಪ್ಪಿನ ಮಡಿಗಳಿಗೆಂದು ದಕ್ಷಿಣದಿಂದ ತಂದ ಗುಂಗುರು ಕೂದಲಿನವರು ಉಪ್ಪಿನಕೇರಿಯವರಾದರು. ಎಂಬತ್ತು ವರ್ಷದ ಹಿಂದೆ ಮರಳುದಿಣ್ಣೆಗೆ ಸಿಕ್ಕಿದ ಹಡಗಿನಿಂದ ಇಳಿದ ಬೆಕ್ಕುಗಣ್ಣಿನ ಇನ್ನೂರು ಜನ ಹಡಗಿನವರಾದರು. ಅವರನ್ನು ದೋಣಿಯಲ್ಲಿ ಹೋಗಿ ಇಳಿಸಿಕೊಂಡು ಬಂದವರಲ್ಲಿ ನಿನ್ನ ಅಜ್ಜನೂ ಇದ್ದ. ತಾವು ಇಲ್ಲಿಯೇ ಮೊಳೆತವರು ಎನ್ನುವ ಕೋಟೆಬೀದಿಯವರೂ ನದಿಯ ಮೇಲಿನಿಂದ ಯುದ್ಧಕ್ಕೆ ಹೆದರಿ ಓಡಿಬಂದವರೇ. ಬಂದರಿನ ಹಳೇ ಪುಸ್ತಕದಲ್ಲಿ ದಾಖಲೆ ಇದೆ. ಇದನ್ನೆಲ್ಲ ಒಂದು ಸಲ ಸರಕಾರದ ಕಾಗದದ ಮೇಲೆ ಬರೆದರೆ, ನಾಳೆ ಯಾವನಾದರೂ ‘ಇದು ನಮ್ಮದು ಮಾತ್ರ’ ಎಂದು ಎದೆ ತಟ್ಟಿದಾಗ ಮುಖಕ್ಕೆ ಹಿಡಿಯಬಹುದು.

ನನ್ನವಳಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ, “ಅವರು ಯಾಕೆ ಕೇಳ್ತಿದಾರೆ ಅಂತ ಮೊದಲು ಕೇಳಿ” ಅಂದಳು. ಕೇಳುತ್ತಿದ್ದೇನೆ. ಯಾಕೆ?

ಹೇಗೂ ಒಪ್ಪಿದ್ದೇನೆ.

ನಿನ್ನ,
ಕೊಂಬು

ಮಾರ್ಚ್ ೧೭

ಪ್ರಿಯ ಕೊಂಬು,

ಒಪ್ಪಿದ್ದು ಸಂತೋಷ. ನೇಮಕದ ಆದೇಶ ಇದರೊಂದಿಗಿದೆ.

ಎರಡು ಮಾತು ನೆನಪಿಟ್ಟುಕೋ. ಹನ್ನೊಂದನೆಯ ಕಲಮನ್ನು ಪೆನ್ಸಿಲಿನಲ್ಲಿ ತುಂಬಬೇಕು. ನಿಯಮ ಹಾಗಿದೆ, ನಾನೇ ಬರೆದ ನಿಯಮ. ಇನ್ನೊಂದು, ಅಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಒಂದು ಪದ ಸಾಕು. ಯಾವ ಪದ ಎನ್ನುವುದು ನಿನ್ನಂಥ ಓದಿದವನಿಗೆ ತಿಳಿಯುತ್ತದೆ.

ಯಾಕೆ ಎಂದು ಕೇಳಿದ್ದೀಯ. ಇಲ್ಲಿ ಪತ್ರಗಳು ನಾಲ್ಕಾರು ಮೇಜು ದಾಟಿ ಹೊರಗೆ ಹೋಗುತ್ತವೆ. ಆದ್ದರಿಂದ ಉತ್ತರ ಚಿಕ್ಕದಾಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಪೆನ್ಸಿಲ್ ಎಂದದ್ದನ್ನು ಮರೆಯಬೇಡ.

ಇಂತು,
ಮಗ್ಗಿ

ಏಪ್ರಿಲ್ ೨೮

ಪ್ರಿಯ ಮಗ್ಗಿ,

ಮುಗಿಯಿತು. ಆರುನೂರ ಹನ್ನೆರಡು ಮನೆ. ಒಂದು ಜೊತೆ ಚಪ್ಪಲಿ ಸವೆಯಿತು. ನಾಲ್ಕು ಕಟ್ಟು ಹಾಳೆ ಇಂದಿನ ಟಪಾಲಿನಲ್ಲಿ ಹೊರಟಿವೆ.

ಮೊದಲೇ ಹೇಳಿಬಿಡುತ್ತೇನೆ, ಪೆನ್ಸಿಲ್ ಮುಟ್ಟಲಿಲ್ಲ. ತಾನು ಬರೆದದ್ದರ ಮೇಲೆ ತನಗೇ ನಂಬಿಕೆ ಇಲ್ಲದವನು ಪೆನ್ಸಿಲ್ ಹಿಡಿಯುತ್ತಾನೆ. ಮುದ್ರಣಾಲಯದಲ್ಲಿ ಮೂವತ್ತು ವರ್ಷವೂ ನಾನು ಕರಡು ತಿದ್ದಿದ್ದು ಶಾಯಿಯಲ್ಲೇ. ಅಚ್ಚಿನ ಮೊಳೆ ಜೋಡಿಸುವವರು ‘ಇವರ ಗೆರೆ ಅಳಿಸೋ ಹಾಗಿಲ್ಲ’ ಎಂದು ಗೊಣಗುತ್ತಿದ್ದರು. ನಿನ್ನ ಒಂದು ಪದವೂ ನನಗೆ ಸಾಲಲಿಲ್ಲ. ಜಾಗ ಸಾಲದೆಡೆ ಹಾಳೆ ಅಂಟಿಸಿದ್ದೇನೆ. ಓದಿದರೆ ನಿನಗೂ ಊರಿನ ವಾಸನೆ ಬರಬೇಕು.

ಎಂಥಾ ಮಾತುಗಳು ಸಿಕ್ಕವು ಗೊತ್ತೇ! ಕ್ಷೌರದಂಗಡಿಯವನ ಹತ್ತಿರ ಹೋದೆ. “ಏನ್ ಬರ್ಕೊಳ್ತೀರಿ ಸಾರ್?” ಅಂದ. “ನಲವತ್ತು ವರ್ಷದಿಂದ ಈ ಊರಿನ ತಲೆ ನನ್ನ ಕೈಯಲ್ಲಿದೆ. ಸಂಜೆ ಗುಡಿಸಿದ್ರೆ ಗುಂಗುರು, ನೇರ, ಕಪ್ಪು, ಕೆಂಚು ಎಲ್ಲಾ ಒಂದೇ ಗುಡ್ಡೆ. ಅದನ್ನ ಬೇರೆ ಬೇರೆ ಮಾಡಿಕೊಡಿ, ಆಮೇಲೆ ನನ್ನ ಮೂಲ ಹೇಳ್ತೀನಿ.” ಅವನ ಅಪ್ಪ ಉಪ್ಪಿನಕೇರಿ, ಅವ್ವ ಹಡಗಿನವಳು, ಹೆಂಡತಿ ಕೋಟೆಬೀದಿ. ಹಾಗೆಯೇ ಬರೆದೆ.

ಐಸ್ ಫ್ಯಾಕ್ಟರಿಯ ಯಜಮಾನ, ಕೋಟೆಬೀದಿಯವನು, ಈಗ ಊರಿಗೆ ದೊಡ್ಡ ಮನುಷ್ಯ. ಪುರಸಭೆಯೂ ಅವನ ಕೈಯಲ್ಲೇ. ಕುರ್ಚಿ ಕೊಟ್ಟ, ಚಹಾ ತರಿಸಿದ. “ನಾವು ಮೊದಲು ಹುಟ್ಟಿದ್ವಿ, ಸಮುದ್ರ ಆಮೇಲೆ ಬಂತು ಅಂತ ಬರ್ಕೊಳ್ಳಿ” ಎಂದು ನಕ್ಕ. ನಾನೂ ನಕ್ಕೆ. “ಯಜಮಾನ್ರೇ, ನಿಮ್ಮ ಮುತ್ತಜ್ಜ ಒಂದು ಮೇಕೆ ಹಿಡ್ಕೊಂಡು ತೆಪ್ಪದಲ್ಲಿ ಬಂದಿಳಿದದ್ದು ಬಂದರಿನ ಪುಸ್ತಕದಲ್ಲಿದೆ. ಮೇಕೆಗೂ ಸುಂಕ ಹಾಕಿದಾರೆ” ಅಂದೆ. ಅವನ ನಗು ನಿಂತಿತು. ಚಹಾ ತಣ್ಣಗಾಗುವವರೆಗೆ ನನ್ನ ಪೆನ್ನಿನ ಮೊನೆಯನ್ನೇ ನೋಡುತ್ತಿದ್ದ. ಮೇಕೆ ಸಮೇತ ಬರೆದೆ.

ನನ್ನ ನಾದಿನಿಯ ಮನೆ ನಮ್ಮ ಗೋಡೆಗೆ ಗೋಡೆ. ಗಂಡ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ, ಒಬ್ಬಳೇ. ಅಕ್ಕತಂಗಿಯರಿಬ್ಬರೂ ಸೇರಿ ಬಂದರಿನ ಬೀದಿಯಲ್ಲಿ ಟಾರ್ಪಾಲಿನ ಅಂಗಡಿ ಇಟ್ಟಿದ್ದಾರೆ: ಒಂದು ಉದ್ದ ಮೇಜು, ಎದುರು ಬದುರು ಎರಡು ಯಂತ್ರ, ದೋಣಿಯ ಹೊದಿಕೆ, ಹಾಯಿ, ಲಾರಿಯ ಮುಚ್ಚಿಗೆ. ನಾನು ಕಡತ ಬಿಚ್ಚಿದ್ದೇ ತಡ, “ಏನ್ ಭಾವ, ನಾನು ಯಾರು ಅಂತ ನಿಮಗೆ ಗೊತ್ತಿಲ್ವಾ? ನನ್ನನ್ನೇ ಕೇಳಿ ಬರ್ಕೋಬೇಕಾ?” ಅಂದಳು. “ಬರೀರಿ, ಹಡಗಿನವಳು ಅಂತ. ಬಾಯಿ ಜೋರು ಅಂತಲೂ ಬರೀರಿ. ಅದಕ್ಕೊಂದು ಕಲಂ ಇಲ್ವಾ?” ನಾನು ಬರೆದದ್ದು ಇದು: ‘ಇವರ ಅಜ್ಜಿ ಮರಳುದಿಣ್ಣೆಯ ಹಡಗಿನಿಂದ ಇಳಿದವರು, ಇಲ್ಲಿ ಇವರದು ಮೂರನೆಯ ತಲೆಮಾರು, ಊರಿನ ಅರ್ಧ ದೋಣಿಗಳು ಮಳೆಗಾಲ ದಾಟುವುದು ಇವರ ಹೊಲಿಗೆಯಿಂದ.’ ಓದಿ ಹೇಳಿದಾಗ ಅವಳಿಗೆ ಖುಷಿಯಾಯಿತು. “ಚೆನ್ನಾಗಿದೆ. ಸರಕಾರ ಓದುತ್ತಾ ಇದನ್ನ?” ಅಂದಳು. ಓದೇ ಓದುತ್ತೆ ಅಂದೆ.

ಗಣತಿದಾರ ತನ್ನ ಮನೆಯನ್ನು ತಾನೇ ಎಣಿಸತಕ್ಕದ್ದಲ್ಲ ಎಂದು ನಿಯಮವಿದೆ. ಆದ್ದರಿಂದ ಇನ್ನೂರ ಹದಿನಾಲ್ಕನೆಯ ಮನೆಯ ಸಾಲು ಖಾಲಿ. ಅದನ್ನು ನಿಮ್ಮ ಕಚೇರಿಯೇ ತುಂಬಿಕೊಳ್ಳಬೇಕು. ನಾದಿನಿಯದು ಇನ್ನೂರ ಹದಿನೈದು.

ಓದಿ ಎರಡು ಸಾಲು ಬರೆ. ಹೊಗಳಿದರೆ ಬೇಡವೆನ್ನುವುದಿಲ್ಲ.

ನಿನ್ನ,
ಕೊಂಬು

ಮೇ ೯

ಕೊಂಬು,

ಕಟ್ಟುಗಳು ತಲುಪಿವೆ. ಶಾಯಿಯಲ್ಲಿ ಬರೆದಿದ್ದೀಯ.

ನಿನ್ನ ಮನೆಯ ಸಾಲನ್ನು ನಾನೇ ತುಂಬಿದ್ದೇನೆ. ಈ ವಿಷಯವಾಗಿ ಇನ್ನು ಬರೆಯಬೇಡ. ನಿನ್ನ ಬಳಿ ನಕಲು ಇದ್ದರೆ ಯಾರಿಗೂ ತೋರಿಸಬೇಡ.

ಮಗ್ಗಿ

ಜುಲೈ ೧೨

ಪ್ರಿಯ ಮಗ್ಗಿ,

ಬರೆಯಬೇಡ ಅಂದೆ. ಎರಡು ತಿಂಗಳು ತಡೆದುಕೊಂಡೆ. ನಿನ್ನ ಹಿಂದಿನ ಪತ್ರದ ಲಕೋಟೆಯ ಅಂಟು ಎರಡು ಬಣ್ಣದ್ದಾಗಿತ್ತು. ಒಂದು ನಿನ್ನದಾದರೆ ಇನ್ನೊಂದು ಯಾರದು?

ಕಳೆದ ವಾರ ಬಣ್ಣದ ಡಬ್ಬಿ ಹಿಡಿದ ಇಬ್ಬರು ಬಂದು ಬಾಗಿಲುಗಳ ಮೇಲೆ ಮನೆ ಸಂಖ್ಯೆ ಬರೆದು ಹೋದರು. ಬರೆಯಲಿ. ಆದರೆ ಕೆಲವಕ್ಕೆ ನೀಲಿ, ಕೆಲವಕ್ಕೆ ಹಳದಿ. ಯಾಕಪ್ಪಾ ಎಂದರೆ, “ನಮಗೇನು ಗೊತ್ತು ಯಜಮಾನ್ರೇ, ಪಟ್ಟಿ ಕೊಟ್ಟಿದಾರೆ, ಬಳೀತೀವಿ” ಅಂದರು. ಪಟ್ಟಿಯನ್ನು ಅವರ ಹೆಗಲ ಮೇಲಿನಿಂದ ನೋಡಿದೆ. ನನ್ನದೇ ಕ್ರಮ, ನಾನು ನಡೆದ ದಾರಿ, ಉಪ್ಪಿನಕೇರಿಯ ತುದಿಯಿಂದ ದೀಪಸ್ತಂಭದವರೆಗೆ. ಬಿಸಿಲಿಗೆ ಹೆದರಿ ಒಂದು ಮಧ್ಯಾಹ್ನ ನಾನು ಅಡ್ಡದಾರಿ ಹಿಡಿದಿದ್ದೆ; ಅವರೂ ಅಲ್ಲಿಯೇ ಹಿಡಿದರು.

ಹಳದಿ ಬಿದ್ದದ್ದು ಹಡಗಿನವರಿಗೆ, ಮತ್ತು ಉಪ್ಪಿನಕೇರಿಯಲ್ಲಿ ಅರ್ಧಕ್ಕೆ. ಐಸ್ ಫ್ಯಾಕ್ಟರಿಯ ಯಜಮಾನನಿಗೆ ನೀಲಿ. ಅವನ ಮೇಕೆ ಎಲ್ಲಿ ಹೋಯಿತು? ಕ್ಷೌರದಂಗಡಿಯವನಿಗೆ ಹಳದಿ. ಅವನು ಬಾಗಿಲನ್ನು ನೋಡಿ, “ನೀವು ನನ್ನ ಗುಡ್ಡೆಯನ್ನ ಬೇರೆ ಮಾಡಿಬಿಟ್ರಿ ಸಾರ್” ಅಂದ. ಹಾಸ್ಯಕ್ಕೆ ಅಂದನೋ ಹೇಗೋ, ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಮ್ಮ ಇನ್ನೂರ ಹದಿನಾಲ್ಕಕ್ಕೆ ನೀಲಿ. ಗೋಡೆಯಾಚೆಯ ಇನ್ನೂರ ಹದಿನೈದಕ್ಕೆ ಹಳದಿ.

ಅಂಗಡಿಯ ಹತ್ತಿರ ಬಂದಾಗ ಬಣ್ಣದವರಿಗೆ ಗೊಂದಲವಾಯಿತು. ಒಂದೇ ಬಾಗಿಲು, ಒಂದೇ ಮೇಜು. “ಇದರಲ್ಲಿ ನಿಮ್ಮದ್ಯಾವುದು, ಅವರದ್ಯಾವುದು?” ಎಂದು ಕೇಳಿದರು. ನನ್ನವಳು ಯಂತ್ರ ನಿಲ್ಲಿಸಲಿಲ್ಲ. ನಾದಿನಿ, “ಮೇಜನ್ನ ನಡುವೆ ಗರಗಸದಲ್ಲಿ ಕೊಯ್ಯಿರಿ, ಈ ಕಡೆ ಬಿದ್ದದ್ದು ನನ್ನದು” ಅಂದಳು. ಅವರು ಬಹಳ ಹೊತ್ತು ಯೋಚಿಸಿ, ಅವಳ ಯಂತ್ರದ ಕಾಲಿಗೆ ಒಂದು ಹಳದಿ ಗೀಟು ಎಳೆದು ಹೋದರು. ಮಧ್ಯಾಹ್ನದೊಳಗೆ ಅವಳ ಸೀರೆಯ ನೆರಿಗೆಗೆ ಅಂಟಿಕೊಂಡಿತ್ತು.

ಹಳದಿ ಬಾಗಿಲಿನವರ ದೋಣಿಯ ಪರವಾನಗಿ ನಿಂತಿದೆ. ‘ಪರಿಶೀಲನೆ’ ಎನ್ನುತ್ತಾರೆ. ಪರಿಶೀಲನೆ ಮಾಡಲು ಬಂದ ಸಾಹೇಬ ಪುರಸಭೆಯಲ್ಲಿ ಕುಳಿತು ಒಬ್ಬೊಬ್ಬರನ್ನೇ ಕರೆಸಿ ಓದಿ ಹೇಳುತ್ತಿದ್ದಾನೆ. ನಾದಿನಿಯ ಜೊತೆ ನಾನೂ ಹೋಗಿದ್ದೆ. ಸಾಹೇಬ ಹಾಳೆ ಎತ್ತಿ, “ಇವರ ಅಜ್ಜಿ ಮರಳುದಿಣ್ಣೆಯ ಹಡಗಿನಿಂದ ಇಳಿದವರು, ಇಲ್ಲಿ ಇವರದು ಮೂರನೆಯ ತಲೆಮಾರು” ಎಂದು ಓದಿ ನಿಲ್ಲಿಸಿದ. ನನ್ನ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. “ಮುಂದೆ ಓದಿ ಸ್ವಾಮಿ” ಅಂದೆ. “ಅಷ್ಟು ಸಾಕು. ನಾಲ್ಕು ತಲೆಮಾರು ಇರಬೇಕು, ಮೂರೇ ಇದೆ” ಅಂದ. “ಯಾರು ಹೇಳಿದ್ದು ನಾಲ್ಕು ಅಂತ?” “ನೀವು ಬರೆದುಕೊಟ್ಟ ಮೇಲೆ ಗೊತ್ತುಮಾಡಿದ್ದು” ಅಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ಇಡೀ ಜಿಲ್ಲೆಯಲ್ಲಿ ನಿಮ್ಮ ಹಾಳೆಗಳಷ್ಟು ಸ್ಪಷ್ಟವಾದದ್ದು ಇಲ್ಲ” ಎಂದೂ ಹೇಳಿದ. ಹೊಗಳಿಕೆ ಬೇಕೆಂದು ಕೇಳಿದ್ದೆನಲ್ಲ, ಸಿಕ್ಕಿತು.

ಇನ್ನೊಂದು ವಿಷಯ. ಟಾರ್ಪಾಲಿನ ಅಂಗಡಿಗೆ ಪುರಸಭೆಯಿಂದ ಕೆಲಸ ಬಂದಿದೆ. ಹನ್ನೆರಡು ಲಾರಿಗೆ ಮುಚ್ಚಿಗೆ, ತಿಂಗಳೊಳಗೆ. ನಾದಿನಿಗೆ ಸಮಾಧಾನ: “ಕೆಲಸ ಕೊಟ್ಟಿದಾರೆ ಅಂದ್ರೆ ಇರೋಕೆ ಬಿಡ್ತಾರೆ ಅಂತ ಅರ್ಥ ಭಾವ.” ನನ್ನವಳು ಅಳತೆಯ ಚೀಟಿಯನ್ನು ನನ್ನ ಮುಂದೆ ಇಟ್ಟಳು. ಸರಕಿನ ಲಾರಿಗೆ ಹೊಲಿಯುವ ಅಳತೆ ಅವಳಿಗೆ ಬಾಯಿಪಾಠ. ಇದು ಹಾಗಿಲ್ಲ. ಎರಡೂ ಪಕ್ಕದಲ್ಲಿ ಒಂದು ಮೊಳ ಎತ್ತರಕ್ಕೆ ಬಟ್ಟೆ ಸಡಿಲ ಬಿಡಬೇಕು ಎಂದಿದೆ, ಒಳಗೆ ಬೆಂಚು ಬರುತ್ತದಂತೆ. “ಮೀನು ಬೆಂಚಿನ ಮೇಲೆ ಕೂತು ಹೋಗಲ್ಲ” ಅಂದಳು.

ನಮ್ಮ ಮನೆಗೆ ನೀಲಿ ಯಾಕೆ ಬಂತು, ಮಗ್ಗಿ? ಆ ಸಾಲಿನಲ್ಲಿ ಏನು ಬರೆದೆ?

ಕೊಂಬು

ಆಗಸ್ಟ್ ೩

ಮಗ್ಗಿ,

ಉತ್ತರವಿಲ್ಲ. ಬರೆಯುತ್ತಲೇ ಇರುತ್ತೇನೆ, ಅಂಟು ಬಿಡಿಸಿ ಓದುವವರಾದರೂ ಓದಲಿ.

ಆಕ್ಷೇಪಣೆಯ ನಮೂನೆ ಇದೆ ಎಂದು ಕೇಳಿ ಹೋದೆ. ಆರುನೂರ ಹನ್ನೆರಡು ಮನೆಗೂ ಒಂದೊಂದು ಕೊಡಿ, ಇವರೆಲ್ಲರೂ ಹೊರಗಿನಿಂದ ಬಂದವರೇ, ನನ್ನಲ್ಲಿ ಆಧಾರವಿದೆ ಎಂದೆ. ಬಂದರಿನ ಹಳೇ ಪುಸ್ತಕ ತರಲು ವಾಚನಾಲಯಕ್ಕೆ ಓಡಿದೆ. ಕಪಾಟು ಬೀಗ ಹಾಕಿದಂತೆಯೇ ಇತ್ತು, ಒಳಗೆ ಪುಸ್ತಕವಿರಲಿಲ್ಲ. ಧೂಳಿನಲ್ಲಿ ಅದರ ಚೌಕ ಮಾತ್ರ ಇತ್ತು. ಆ ಪುಸ್ತಕ ಎಲ್ಲಿದೆಯೆಂದು ಹಾಳೆಯ ಅಂಚಿನಲ್ಲಿ ಕಪಾಟಿನ ಸಂಖ್ಯೆ ಸಮೇತ ಬರೆದಿದ್ದವನೂ ನಾನೇ. ಓದುವವರಿಗೆ ಅನುಕೂಲವಾಗಲೆಂದು!

ಊರು ನನ್ನನ್ನು ನೋಡುವ ರೀತಿ ಬದಲಾಗಿದೆ. ಹಳದಿಯವರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಅದನ್ನು ತಡೆದುಕೊಳ್ಳಬಲ್ಲೆ. ನೀಲಿಯವರು ನಗುತ್ತಾರಲ್ಲ, ಅದು ಆಗುವುದಿಲ್ಲ. ಕೋಟೆಬೀದಿಯ ಔಷಧದಂಗಡಿಯವನು, “ಒಳ್ಳೇ ಕೆಲಸ ಮಾಡಿದ್ರಿ ಸಾರ್, ಯಾರು ಯಾರು ಅಂತ ಈಗ ಗೊತ್ತಾಯ್ತು” ಎಂದು ಕೈ ಕುಲುಕಿದ. ಅವನ ಸ್ವಂತ ಅಜ್ಜಿಯನ್ನು ಹೊತ್ತು ತಂದ ದೋಣಿಯ ಹೆಸರು ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಗೊತ್ತಾಗುವುದು ಬೇಕಾಗಿಯೂ ಇಲ್ಲ.

ಮೊದಲ ಹದಿನೇಳು ಮನೆಯವರನ್ನು ಕರೆದುಕೊಂಡು ಹೋದರು. ಕ್ಷೌರದಂಗಡಿಯವನೂ ಹೋದ. ಕರಾವಳಿಯ ಮೇಲುಗಡೆ ಎಲ್ಲೋ ‘ಪರಿಶೀಲನಾ ವಸತಿ’ ಅಂತೆ. ಒಬ್ಬರಿಗೆ ಒಂದು ಚೀಲ. ಅವನು ಕತ್ತರಿಗಳನ್ನು ಕಟ್ಟಿಕೊಂಡಿದ್ದ, ಗೇಟಿನಲ್ಲಿ ತೆಗೆಸಿದರು. ಬಾಗಿಲು ಹಳದಿಯಾದರೂ ಅವನ ಹೆಂಡತಿಗೆ, ಕೋಟೆಬೀದಿಯವಳೆಂದು, ಪಟ್ಟಿಯಲ್ಲಿ ನೀಲಿ. ಇಲ್ಲಿಯೇ ಉಳಿದಿದ್ದಾಳೆ. ಅಂಗಡಿ ಗುಡಿಸಿ, ಬಾಗಿಲು ತೆರೆದಿಟ್ಟು, ಬರದ ಗಿರಾಕಿಗಳಿಗೆ ಕಾಯುತ್ತಾಳೆ. ಅವಳು ಹಾಕಿದ ಪತ್ರ ನಿನ್ನೆ ವಾಪಸು ಬಂತು. ‘ವಿಳಾಸದಾರರಿಲ್ಲ’ ಎಂದು ಮೊಹರು. ಹೋದವರಿಗೆ ಹಾಕಿದ ಪತ್ರ ಹೀಗೆ ಹನ್ನೊಂದು ವಾಪಸು ಬಂದಿವೆಯೆಂದು ಅಂಚೆಯವನು ತಗ್ಗಿದ ದನಿಯಲ್ಲಿ ಹೇಳಿದ.

ಮುಚ್ಚಿಗೆಗಳಲ್ಲಿ ಏಳು ಮುಗಿದಿವೆ. ಇಬ್ಬರೂ ಹೊಲಿಯುತ್ತಾರೆ. ನಾದಿನಿ ಈಗ ಹಾಸ್ಯ ಮಾಡುವುದಿಲ್ಲ. ಮೊನ್ನೆ ಮಾತ್ರ, ದಾರ ಪೋಣಿಸುತ್ತಾ, “ಅಕ್ಕಾ, ಮಳೆ ಸೋರದ ಹಾಗೆ ಎರಡು ಸಲ ಹೊಲಿ, ನಾನೇ ಒಳಗೆ ಕೂತ್ಕೋಬೇಕು” ಅಂದಳು. ನನ್ನವಳು ಎದ್ದು ಹಿತ್ತಲಿಗೆ ಹೋದಳು.

ಒಂದು ಸಾಲಾದರೂ ಬರೆ.

ಕೊಂಬು

ಆಗಸ್ಟ್ ೨೧

ಕೊಂಬು,

ಇದನ್ನು ತಂದುಕೊಡುವ ಲಾರಿಯವನು ನಂಬಿಕಸ್ಥ. ಓದಿ ಒಲೆಗೆ ಹಾಕು.

ಆ ಕಲಂ ನಾನು ಸೇರಿಸಿದ್ದಲ್ಲ. ಮೇಲಿನಿಂದ ಬಂತು. ಬಂದಾಗ ಬೇಡ ಎನ್ನಲೂ ಇಲ್ಲ. ನನ್ನಿಂದಾದದ್ದು ಇಷ್ಟು: ಪೆನ್ಸಿಲ್ ಎಂಬ ನಿಯಮ ಹಾಕಿದೆ, ಕರಾವಳಿಯ ಊರೂರಿಗೆ ನನಗೆ ಗೊತ್ತಿದ್ದವರನ್ನು ನೇಮಿಸಿದೆ. ಪೆನ್ಸಿಲಿನಲ್ಲಿ ಬಂದ ಹಾಳೆಗಳನ್ನು ನಾನೂ ಒಬ್ಬ ಗುಮಾಸ್ತೆಯೂ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ರಬ್ಬರಿನಿಂದ ಉಜ್ಜಿ, ‘ಸ್ಥಳೀಯ’ ಎಂದು ಬರೆದೆವು. ಅದೇ ಆ ಒಂದು ಪದ. ಹನ್ನೊಂದು ಊರು ಹಾಗೆ ದಾಟಿಹೋದವು. ನಮ್ಮ ಊರಿನದೊಂದೇ ಶಾಯಿ. ಉಜ್ಜಿ ನೋಡಿದೆ, ಕಾಗದ ಹರಿಯಿತು. ಕೋಟೆಬೀದಿಯ ಹಾಳೆಗಳು ಮಾತ್ರ ಇಲ್ಲಿಗೆ ತಲುಪುವ ಮೊದಲೇ ಬದಲಾಗಿದ್ದವು. ಬದಲಾಯಿಸಿದವರು ಯಾರೆಂದು ನಿನಗೆ ಹೇಳಬೇಕಾಗಿಲ್ಲ.

ಗೊತ್ತು, ಬಿಡಿಸಿ ಹೇಳಬಹುದಿತ್ತು ಎನ್ನುತ್ತೀಯ. ಹೇಳಿದ್ದರೆ ಆ ಕಾಗದ ನಿನ್ನ ಕೈ ಸೇರುತ್ತಿರಲಿಲ್ಲ. ನನಗೆ ಬಾಯಿ ಬಿಡಲಾಗಲಿಲ್ಲ, ನೀನು ಬಾಯಿ ಮುಚ್ಚಿಕೊಳ್ಳಲಿಲ್ಲ. ಚಿಕ್ಕಂದಿನಿಂದಲೂ ನಾವಿಬ್ಬರೂ ಹೀಗೆಯೇ.

ಖಾಲಿ ಇದ್ದದ್ದು ನಿನ್ನ ಮನೆಯ ಸಾಲೊಂದೇ. ಅಲ್ಲಿ ಇಬ್ಬರಿಗೂ ‘ಸ್ಥಳೀಯ, ಐದನೆಯ ತಲೆಮಾರು’ ಎಂದು ಬರೆದೆ. ಆಕೆಯ ತವರಿನ ಹೆಸರನ್ನು ಕೋಟೆಬೀದಿಯದು ಮಾಡಿದೆ.

ನಿನ್ನ ಮದುವೆಗೆ ನಾನು ಬರಲಿಲ್ಲ. ಪರೀಕ್ಷೆ ಇದೆಯೆಂದು ಬರೆದಿದ್ದೆ. ಪರೀಕ್ಷೆ ಇರಲಿಲ್ಲ. ಹಡಗಿನವರ ಮನೆಯ ಚಪ್ಪರದಲ್ಲಿ ಕಾಣಿಸಿಕೊಂಡರೆ ಸರಕಾರಿ ಕೆಲಸ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ಯಾರೋ ಅಲ್ಲ, ನಾನೇ ಹಾಗೆ ಅಂದುಕೊಂಡದ್ದು. ಆಗ ಕೊಡದೇ ಉಳಿದ ಉಡುಗೊರೆ ಇದು ಎಂದುಕೋ. ಆಕೆಗೆ ಹೇಳಬೇಡ. ತಂಗಿಯ ಸಾಲನ್ನು ನನ್ನಿಂದ ಏನೂ ಮಾಡಲಾಗದು. ಅದು ನಿನ್ನ ಅಕ್ಷರದಲ್ಲಿದೆ.

ಮಗ್ಗಿ

ಸೆಪ್ಟೆಂಬರ್ ೬

ಪ್ರಿಯ ಮಗ್ಗಿ,

ನಿನ್ನ ಪತ್ರವನ್ನು ಒಲೆಗೆ ಹಾಕಲಿಲ್ಲ. ಮುದ್ರಣಾಲಯದಲ್ಲಿ ದುಡಿದವನ ಕೈ ಕಾಗದ ಸುಡುವುದಿಲ್ಲ. ಹಾಗೆಂದು ಅದು ಯಾರ ಕೈಗೂ ಸಿಗುವುದಿಲ್ಲ. ಇಷ್ಟಾದ ಮೇಲಾದರೂ ಬಚ್ಚಿಡುವುದನ್ನು ಕಲಿತಿದ್ದೇನೆ. ಇದನ್ನು ಅದೇ ಲಾರಿಯವನ ಕೈಯಲ್ಲಿ ಕೊಡುತ್ತಿದ್ದೇನೆ. ಹನ್ನೊಂದು ಊರಿನ ವಿಷಯ ಮನೆಯಲ್ಲಿ ಕೂಡ ಬಾಯಿ ಬಿಟ್ಟಿಲ್ಲ. ನಮ್ಮ ಮನೆಯ ಸಾಲಿನ ವಿಷಯ ಮಾತ್ರ ಹೇಳಿದೆ.

ಹೇಳಲೇಬೇಕಾಯಿತು. ಮುಂಜಾನೆ ಎಂಟಕ್ಕೆ ಶಾಲೆಯ ಮೈದಾನಕ್ಕೆ ಬರಬೇಕೆಂದು ಇನ್ನೂರರಿಂದ ಇನ್ನೂರೈವತ್ತರವರೆಗಿನ ಹಳದಿ ಬಾಗಿಲುಗಳಿಗೆ ಚೀಟಿ ಬಂತು. ನಾವು ಕೊಂಬು, ಮಗ್ಗಿ ಆದದ್ದು ಯಾವ ಕೋಣೆಯಲ್ಲೋ ಅದರ ಜಗಲಿಯ ಮೇಲೆಯೇ ಮೇಜು ಹಾಕಿದ್ದರು. ಲಾರಿಗಳು ಸಾಲಾಗಿ ನಿಂತಿದ್ದವು. ಮುಚ್ಚಿಗೆಗಳು ಚೆನ್ನಾಗಿ ಕೂತಿದ್ದವು, ಒಂದು ಕಡೆಯೂ ಜೋತಿರಲಿಲ್ಲ. ನನ್ನವಳು ಎಲ್ಲಕ್ಕೂ ಎರಡು ಹೊಲಿಗೆ ಹಾಕಿದ್ದಳು.

ಸಂಖ್ಯೆ ಕೂಗಿದರು. ನಾದಿನಿ ಚೀಲ ಎತ್ತಿಕೊಂಡಳು. ನನ್ನವಳೂ ಅವಳ ಹಿಂದೆಯೇ ಹೊರಟಳು. ಮೇಜಿನವನು ಪುಸ್ತಕ ನೋಡಿ, “ಅಮ್ಮಾ, ನಿಮ್ಮದು ನೀಲಿ. ನೀವು ಮನೆಗೆ ಹೋಗಿ” ಅಂದ.

“ಇವಳು ನನ್ನ ತಂಗಿ.”

“ಇಲ್ಲಿ ಹಾಗೆ ಬರೆದಿಲ್ಲವಲ್ಲಮ್ಮ. ನಿಮ್ಮ ತವರು ಕೋಟೆಬೀದಿ ಅಂತಿದೆ.”

“ನಮ್ಮಿಬ್ಬರನ್ನೂ ಹೆತ್ತದ್ದು ಒಬ್ಬಳೇ. ಅವಳ ಹೊಟ್ಟೆಗೆ ಯಾವ ಬಣ್ಣ ಬಳಿದಿದ್ದೀರಿ, ತೋರಿಸಿ.”

ನಾದಿನಿ, “ಅಕ್ಕಾ, ಸುಮ್ನಿರು. ಯಾರೋ ನಿನ್ನನ್ನ ಉಳಿಸಿದಾರೆ, ಉಳ್ಕೋ. ಅಂಗಡಿ ನೋಡ್ಕೋ. ಮೇಜು ಕೊಯ್ಯೋಕೆ ಮಾತ್ರ ಬಿಡಬೇಡ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಭಾವ, ನೀವು ಬರೆದಿದ್ದು ನಿಜವಾಗ್ಲೂ ಚೆನ್ನಾಗಿತ್ತು” ಅಂದಳು. ಹತ್ತಿದಳು. ಮುಚ್ಚಿಗೆಯ ಹಗ್ಗವನ್ನು ಹೊರಗಿನಿಂದ ಕಟ್ಟಿದರು.

ಮೈದಾನದಿಂದ ಮನೆಗೆ ಬಂದೆವು. ನನ್ನವಳು ಬಾಗಿಲ ಮುಂದೆ ನಿಂತು ನೀಲಿ ಸಂಖ್ಯೆಯನ್ನು ನೋಡಿ, “ಇದು ಯಾರು ಕೊಟ್ಟಿದ್ದು?” ಎಂದು ಕೇಳಿದಳು. ಮದುವೆಗೆ ಬರದೇ ಇದ್ದವನು ಈಗ ಕೊಟ್ಟ ಉಡುಗೊರೆ ಎಂದೆ. ಅವಳು, “ಅವರ ಮನಸ್ಸು ಒಳ್ಳೇದೇ. ಆದ್ರೆ ಮದುವೆಗೆ ಬರದವರದ್ದು ಇಟ್ಕೋಬಾರದು. ವಾಪಸು ಕಳಿಸಿ” ಅಂದಳು. ಮೂವತ್ತೊಂದು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಬಹಳ ಕಡಿಮೆ. ಮಾರ್ಚ್ ತಿಂಗಳಲ್ಲಿ ಒಂದು ಕೇಳಿದ್ದಳು, ಅವರು ಯಾಕೆ ಕೇಳುತ್ತಿದ್ದಾರೆಂದು ಕೇಳಿ ಎಂದು. ಅದನ್ನು ನಾನು ಪತ್ರದ ಕೊನೆಗೆ ಒಂದು ಸಾಲಾಗಿ ಸೇರಿಸಿ ಮರೆತಿದ್ದೆ.

ತಿದ್ದುಪಡಿಗೊಂದು ನಮೂನೆ ಇದೆ. ಹಳದಿಯನ್ನು ನೀಲಿ ಮಾಡಿ ಎಂದು ಕೇಳಿದವರಿಗೆ ನಮೂನೆ ಮುಗಿದಿದೆ ಎನ್ನುತ್ತಿದ್ದವರು, ನೀಲಿಯನ್ನು ಹಳದಿ ಮಾಡಿ ಎಂದಾಗ ಕಟ್ಟು ಬಿಚ್ಚಿ ಕೊಟ್ಟರು. ಮನೆ ಸಂಖ್ಯೆ ಇನ್ನೂರ ಹದಿನಾಲ್ಕು, ಇಬ್ಬರು. ಹೆಂಡತಿ, ಮರಳುದಿಣ್ಣೆಯ ಹಡಗಿನವರ ಮೊಮ್ಮಗಳು, ಮೂರನೆಯ ತಲೆಮಾರು. ಗಂಡ, ದೀಪಸ್ತಂಭಕ್ಕೆ ಇಟ್ಟಿಗೆ ಹೊರಲು ಹಡಗಿನಲ್ಲಿ ತಂದವನ ಮರಿಮಗ. ನನಗೆ ಅವರ ಲೆಕ್ಕದಲ್ಲಿ ನಾಲ್ಕನೆಯ ತಲೆಮಾರು ಬರುತ್ತದೆ, ಉಳಿದುಕೊಳ್ಳಬಹುದಿತ್ತು. ಆದರೆ ನನ್ನಪ್ಪ ಹುಟ್ಟಿದ್ದು ಅಜ್ಜ ಹಡಗಿನ ಕೂಲಿಗೆ ಹೋಗಿದ್ದಾಗ, ಬೇರೆ ಬಂದರಿನಲ್ಲಿ; ಇಲ್ಲಿಯ ತಲೆಮಾರಿನ ಲೆಕ್ಕ ಅಲ್ಲಿಗೆ ಕಡಿಯುತ್ತದೆ. ಇದು ನನ್ನೊಬ್ಬನಿಗೇ ಗೊತ್ತಿತ್ತು, ಈಗ ಕಾಗದದ ಮೇಲಿದೆ. ಒಂದಕ್ಷರವೂ ಸುಳ್ಳಲ್ಲ. ನೀನು ಹೇಳಿದಂತೆ ಈ ಸಲ ಹೆಚ್ಚು ಬರೆದಿಲ್ಲ.

ಮುಂದಿನ ತಂಡ ಹೊರಡುವುದು ಬರುವ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ. ಚೀಲ ಕಟ್ಟಿಯಾಗಿದೆ. ನನ್ನವಳು ತನ್ನದರಲ್ಲಿ ತಂಗಿಯ ದಾರದ ಡಬ್ಬಿ ಇಟ್ಟುಕೊಂಡಿದ್ದಾಳೆ. ನಾನು ಕ್ಷೌರದವನ ಹೆಂಡತಿ ಬರೆದ ಪತ್ರ ಇಟ್ಟುಕೊಂಡಿದ್ದೇನೆ, ವಿಳಾಸದಾರ ಸಿಕ್ಕರೆ ಕೈಗೇ ಕೊಡಬಹುದೆಂದು. ಇಲ್ಲಿಯವರೆಗೆ ಹೋದವರೆಲ್ಲರ ಪಟ್ಟಿ, ಹೆಸರು, ದಿನ, ಯಾರು ಯಾವ ಲಾರಿ ಎಂಬುದು, ಎಲ್ಲವನ್ನೂ ಬರೆದು ವಾಚನಾಲಯದಲ್ಲಿ ಯಾರೂ ತೆರೆಯದ ಕಡೆ ಇಟ್ಟಿದ್ದೇನೆ. ಎಲ್ಲಿ ಎಂದು ಈ ಸಲ ಅಂಚಿನಲ್ಲಿ ಬರೆದಿಲ್ಲ.

ತಿದ್ದುಪಡಿಯ ನಮೂನೆ ಇದರೊಂದಿಗಿದೆ. ಶಾಯಿ ಒಣಗುವವರೆಗೆ ಕಾದು ಮಡಿಚಿದ್ದೇನೆ. 'ಮೂಲ ಸಾಲನ್ನು ತುಂಬಿದ ಅಧಿಕಾರಿಯ ಒಪ್ಪಿಗೆಯಿಲ್ಲದೆ ಬದಲಾವಣೆ ಜಾರಿಯಾಗತಕ್ಕದ್ದಲ್ಲ' ಎಂದು ಕೆಳಗೆ ಅಚ್ಚಾಗಿದೆ. ಅಂದರೆ ರುಜು ಹಾಕಬೇಕಾದವನು ನೀನು.

ಮೇಜಿನವನನ್ನು ವಿಚಾರಿಸಿದೆ. ಪೆನ್ಸಿಲಿನ ರುಜು ಒಪ್ಪುವುದಿಲ್ಲವಂತೆ.

ನಿನ್ನ,
ಕೊಂಬು